ಬೀಗರಿಗೆ ಕೊಟ್ಟ ಬೀಗ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಎದುರಿಗೆ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಅಚ್ಚುಕಟ್ಟಪ್ಪ ಎನ್ನುತ್ತಿದ್ದರು. ಊಟದ ಡಬ್ಬಿಯ ಮುಚ್ಚಳವನ್ನೂ ಮೇಜಿನ ಅಂಚಿಗೆ ನೆಟ್ಟಗೆ ಹೊಂದಿಸಿಟ್ಟ ಮೇಲೆಯೇ ತುತ್ತು ಬಾಯಿಗಿಡುವ ಆಸಾಮಿ. ಅಂಗಿಯ ಗುಂಡಿ ಕಿತ್ತುಬಂದರೆ ಅದೇ ಬಣ್ಣದ ದಾರ ಸಿಗುವ ತನಕ ಆ ಅಂಗಿ ತೊಡುತ್ತಿರಲಿಲ್ಲ. ಇಂಥವರನ್ನು ಕಂಡರೆ ಜನ ನಗುತ್ತಾರೆ. ನಗುನಗುತ್ತಲೇ ಯಾರಿಗೂ ಬೇಡದ ಕೆಲಸವನ್ನು ತಂದು ಇಂಥವರ ತಲೆಗೇ ಕಟ್ಟುತ್ತಾರೆ. ಅಚ್ಚುಕಟ್ಟಪ್ಪನ ತಲೆಗೆ ಕಟ್ಟಿದ್ದು ಬೀಗದ ಕೆಲಸ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಮನೆಯಲ್ಲಿಡುವ ಸ್ಟೋರೇಜ್ ಡಬ್ಬಿ. ದಪ್ಪನೆಯ ಎರಡು ಪುಸ್ತಕ ಜೋಡಿಸಿಟ್ಟಷ್ಟು ಗಾತ್ರ. ಒಳಗೆ ಎರಡು ಹಾರ್ಡ್ ಡಿಸ್ಕು, ಒಂದು ಹಸಿರು ಬೋರ್ಡು, ಮುಂದುಗಡೆ ಒಂದು ದೀಪ. ಮನೆಯ ಫೋಟೋ, ವಿಡಿಯೋ, ಕಾಗದಪತ್ರ ಎಲ್ಲವನ್ನೂ ಅದಕ್ಕೆ ತುಂಬಿಟ್ಟರೆ ಮನೆಯವರು ಯಾವ ಫೋನಿನಿಂದಲಾದರೂ ನೋಡಿಕೊಳ್ಳಬಹುದು. ಕರೆಂಟು ಕೊಟ್ಟ ಕೂಡಲೇ ಡಬ್ಬಿಯೊಳಗೆ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಅದು ತಾನು ಎದ್ದು ಉಳಿದದ್ದನ್ನು ಎಬ್ಬಿಸಬೇಕು. ಯಾವುದನ್ನು ಎಬ್ಬಿಸಬೇಕು ಎನ್ನುವುದರಲ್ಲೇ ಕಂಪನಿಯ ಜೀವ ಅಡಗಿತ್ತು. ಗಿರಾಕಿ ಡಬ್ಬಿ ಕೊಂಡುಹೋಗಿ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಾಫ್ಟ್‌ವೇರನ್ನು ಅದರೊಳಗೆ ಹಾಕಿಕೊಂಡರೆ ಮತ್ತೆ ಕಂಪನಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆಂದೇ ಬೋರ್ಡಿನ ಚಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಫ್ಯೂಸು. ಅದನ್ನು ಸುಟ್ಟರೆ ಮುಗಿಯಿತು, ಆಮೇಲೆ ಬೂಟ್‌ಲೋಡರ್ ಕಂಪನಿಯ ಸಹಿ ಇರುವ ಸಾಫ್ಟ್‌ವೇರನ್ನಲ್ಲದೆ ಬೇರೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಸುಟ್ಟ ಫ್ಯೂಸನ್ನು ಮತ್ತೆ ಕೂಡಿಸುವುದು ಕಂಪನಿಯ ಮಾಲೀಕನ ಕೈಯಲ್ಲೂ ಆಗದ ಮಾತು. ಕಾರ್ಖಾನೆಯ ಭಾಷೆಯಲ್ಲಿ ಇದಕ್ಕೆ ಬೀಗ ಹಾಕುವುದು ಅಂತ ಹೆಸರು.

ಬೀಗದ ಮೇಜಿನಲ್ಲಿ ಇಬ್ಬರಿದ್ದರು. ಬೋರ್ಡನ್ನು ಒಂದು ಚೌಕಟ್ಟಿನಲ್ಲಿ ಮಲಗಿಸಬೇಕು, ಆ ಚೌಕಟ್ಟಿಗೆ ತೊಟ್ಟಿಲು ಎನ್ನುತ್ತಿದ್ದರು. ಮಲಗಿಸಿ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಸ್ವಲ್ಪ ಹೊತ್ತು ಕಾದರೆ ಫ್ಯೂಸು ಸುಟ್ಟು ಹಸಿರಾಗುತ್ತದೆ. ಆಗ ಆ ಬೋರ್ಡಿಗೆ ತನ್ನ ಬಣ್ಣದ ಚುಕ್ಕೆಯೊಂದನ್ನು ಅಂಟಿಸಿ ಮುಂದಕ್ಕೆ ತಳ್ಳಬೇಕು. ಅಚ್ಚುಕಟ್ಟಪ್ಪನದು ನೀಲಿ ಚುಕ್ಕೆ. ಪಕ್ಕದವನದು ಹಳದಿ. ಆ ಪಕ್ಕದವನ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಏನು ಹೇಳಿದರೂ ‘ಆಯ್ತು ಬಿಡು’ ಎನ್ನುತ್ತಿದ್ದುದರಿಂದ ಆಯ್ತುಬಿಡು ಎಂದೇ ಅವನಿಗೆ ಹೆಸರು. ದೀಪ ಹಸಿರಾಗುವ ತನಕ ಕಾಯುವುದೆಂದರೆ ಅವನಿಗೆ ಜೀವ ಹೋದಂತೆ. ಅವನೊಂದು ಉಪಾಯ ಕಂಡುಕೊಂಡಿದ್ದ. ಆಗಲೇ ಸುಟ್ಟ ಬೋರ್ಡೊಂದನ್ನು ಡ್ರಾಯರಿನಲ್ಲಿ ಅಡಗಿಸಿಟ್ಟಿದ್ದ. ಅದನ್ನೇ ತೊಟ್ಟಿಲಲ್ಲಿ ಮಲಗಿಸಿ ಗುಂಡಿ ಒತ್ತಿದರೆ ದೀಪ ತಕ್ಷಣ ಹಸಿರು, ಯಂತ್ರದ ಲೆಕ್ಕಕ್ಕೆ ಇನ್ನೊಂದು ಬೋರ್ಡು ಮುಗಿದಂತೆ. ಹೊಸ ಬೋರ್ಡುಗಳಿಗೆ ಬರೀ ಹಳದಿ ಚುಕ್ಕೆ ಅಂಟಿಸಿ, ಬೀಗ ಹಾಕದೆಯೇ ಮುಂದಕ್ಕೆ ತಳ್ಳಿ ಚಹಾ ಕುಡಿಯಲು ಹೋಗುತ್ತಿದ್ದ. ಬೀಗವಿಲ್ಲದಿದ್ದರೂ ಡಬ್ಬಿ ಚೆನ್ನಾಗಿಯೇ ಓಡುತ್ತಿತ್ತು. ಹೀಗಾಗಿ ಯಾರಿಗೂ ಸುಳಿವು ಸಿಗಲಿಲ್ಲ.

ಅಚ್ಚುಕಟ್ಟಪ್ಪನ ಮಗಳ ಮದುವೆ ಗೊತ್ತಾದದ್ದು ಆ ದಿನಗಳಲ್ಲೇ. ಹುಡುಗನ ಅಪ್ಪನದು ಫೋಟೋ ಸ್ಟುಡಿಯೋ. ಸುತ್ತಲಿನ ಬೀದಿಗಳಲ್ಲಿ ಅವನ ಕ್ಯಾಮೆರಾದ ಮುಂದೆ ನಿಲ್ಲದ ಮದುಮಕ್ಕಳಿಲ್ಲ, ಶಾಲೆಯ ಮಕ್ಕಳಿಲ್ಲ. ಅಚ್ಚುಕಟ್ಟಪ್ಪ ಮದುವೆಗೆಂದು ರಜೆ ಹಾಕಿದಾಗ ಆಯ್ತುಬಿಡು ಇಡೀ ಮೇಜಿಗೇ ಕೇಳುವಂತೆ, ಇಷ್ಟು ವರ್ಷ ಬೀಗ ಹಾಕಿ ಹಾಕಿ ಕೊನೆಗೆ ತಾನೇ ಬೀಗನಾದ ನೋಡಿ ನಮ್ಮಣ್ಣ, ಎಂದು ಹೇಳಿ ನಗಿಸಿದ. ಅಚ್ಚುಕಟ್ಟಪ್ಪನೂ ನಕ್ಕ. ಮಗಳು ಒಳ್ಳೆಯ ಮನೆ ಸೇರುತ್ತಿದ್ದಾಳೆಂದು ಆ ವಾರವೆಲ್ಲ ಅವನು ಬೀಗುತ್ತಲೇ ಓಡಾಡಿದ.

ಕೆಲಸಕ್ಕೆ ಮರಳಿದ ಮೇಲೆ ಬೀಗರ ಮನೆಗೆ ಉಡುಗೊರೆಯಾಗಿ ಏನು ಕೊಡಲಿ ಎಂದು ಯೋಚಿಸಿದ. ಬೀಗರ ಸ್ಟುಡಿಯೋದ ಹಿಂದಿನ ಕೋಣೆಯ ತುಂಬ ಟ್ರಂಕುಗಳು, ಅವುಗಳ ತುಂಬ ಒಂದು ಜೀವಮಾನದ ನೆಗೆಟಿವ್‌ಗಳು. ಬೂಷ್ಟು ಹಿಡಿಯುತ್ತಿವೆ ಎಂದು ಬೀಗರು ಅವನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು, ಕಂಪ್ಯೂಟರು ಇವತ್ತೋ ನಾಳೆಯೋ ಎನ್ನುವಂತಿತ್ತು. ಅಚ್ಚುಕಟ್ಟಪ್ಪ ಗೋದಾಮಿಗೆ ಹೋಗಿ ಡಬ್ಬಿಗಳನ್ನು ಬಿಚ್ಚಿ ನೋಡಿ, ನೀಲಿ ಚುಕ್ಕೆ ಇರುವುದನ್ನೇ ಆರಿಸಿ, ದುಡ್ಡು ಕಟ್ಟಿ ತಂದ. ಬೇರೆಯವನ ಕೈಯ ಮಾಲನ್ನು ಬೀಗರ ಮನೆಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಕೊಡುವಾಗ ಎಲ್ಲರ ಮುಂದೆ, “ಯಾರಪ್ಪ ಬಂದ್ರೂ ಇದನ್ನ ತೆಗೆಯೋಕಾಗಲ್ಲ, ಬೀಗರೇ,” ಎಂದು ಜಂಬ ಕೊಚ್ಚಿದ. ಬೀಗರು ಆ ಮಾತನ್ನು ನಂಬಿದರು. ಫೋಟೋಗಳನ್ನೆಲ್ಲ ಅದಕ್ಕೆ ತುಂಬಿ, ಟ್ರಂಕುಗಳನ್ನು ನೆಗೆಟಿವ್ ಸಮೇತ, ಹಳೆಯ ಕಂಪ್ಯೂಟರನ್ನೂ ಗುಜರಿಗೆ ಹಾಕಿಸಿ, ಖಾಲಿಯಾದ ಕೋಣೆಗೆ ಸುಣ್ಣ ಹೊಡೆಸಿ ಸೊಸೆಯ ಹೊಲಿಗೆ ಯಂತ್ರಕ್ಕೆ ಬಿಟ್ಟುಕೊಟ್ಟರು. ಸೊಸೆಗೆ ಇಷ್ಟು ಮರ್ಯಾದೆ ಮಾಡುವವರು ಎಲ್ಲಿ ಸಿಗುತ್ತಾರೆ ಎಂದು ಅಚ್ಚುಕಟ್ಟಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡ.

ಇದಾಗಿ ಸ್ವಲ್ಪ ಕಾಲಕ್ಕೆ ಒಂದು ದಿನ ಗೋಂದಿನ ಟೇಪು ಹುಡುಕುತ್ತ ಪಕ್ಕದವನ ಡ್ರಾಯರಿಗೆ ಕೈ ಹಾಕಿದ. ಆ ಬೋರ್ಡು ಕೈಗೆ ಸಿಕ್ಕಿತು. ಅದರ ಅಂಚು ತೊಟ್ಟಿಲಲ್ಲಿ ಮಲಗಿ ಮಲಗಿ ಸವೆದುಹೋಗಿತ್ತು. ಅಚ್ಚುಕಟ್ಟಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ದೀಪ ಕಾಯುವಾಗ ಪಕ್ಕದಲ್ಲೇ ಇವನು ಟೋಪಿ ಹಾಕುತ್ತ ಕೂತಿದ್ದನಲ್ಲ ಎಂಬ ಸಿಟ್ಟು. ಬೋರ್ಡನ್ನು ಹಿಡಿದು ನೆಟ್ಟಗೆ ಮ್ಯಾನೇಜರನ ಕೋಣೆಗೆ ನಡೆದ. ಸಂಜೆಯೊಳಗೆ ಆಯ್ತುಬಿಡು ಕೆಲಸ ಕಳೆದುಕೊಂಡಿದ್ದ. ಹೋಗುವಾಗಲೂ ಅವನು ಹೇಳಿದ್ದು ಅದೇ ಎರಡು ಮಾತು. ಗೋದಾಮಿನಲ್ಲಿದ್ದ ಹಳದಿ ಚುಕ್ಕೆಯ ಡಬ್ಬಿಗಳನ್ನೆಲ್ಲ ಬಿಚ್ಚಿ ಬೀಗ ಹಾಕುವ ಕೆಲಸ ಅಚ್ಚುಕಟ್ಟಪ್ಪನ ಪಾಲಿಗೆ ಬಂತು, ಅವನು ಒಂದನ್ನೂ ಬಿಡದೆ ಹಾಕಿದ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಇವತ್ತು ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅಚ್ಚುಕಟ್ಟಪ್ಪನಂಥವರಿಗೆ ಸುಮ್ಮನಿರುವ ಸುಖ ಗೊತ್ತಿಲ್ಲ. ಮದುವೆಗೆ ರಜೆ ಹಾಕಿದ ವಾರ ತನ್ನ ಜಾಗದಲ್ಲಿ ಕೂತವನು ಆಯ್ತುಬಿಡುವೇ ಅಲ್ಲವೇ, ತನ್ನ ನೀಲಿ ಚುಕ್ಕೆಯ ಸುರುಳಿ ಮೇಜಿನ ಮೇಲೇ ಇತ್ತಲ್ಲ ಎಂಬುದು ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಬೀಗರ ಮನೆಗೆ ಹೋಗಿ, ಸರ್ವಿಸ್ ಮಾಡಿಸಿ ತರುತ್ತೇನೆಂದು ಹೇಳಿ ಡಬ್ಬಿಯನ್ನು ಕಾರ್ಖಾನೆಗೆ ತಂದ. ಬೋರ್ಡನ್ನು ಬಿಚ್ಚಿ ತೊಟ್ಟಿಲಲ್ಲಿ ಮಲಗಿಸಿ ಗುಂಡಿ ಒತ್ತಿದ. ದೀಪ ಕೆಂಪಗೇ ನಿಂತಿತು. ಅಂದರೆ ಬೀಗ ಬಿದ್ದಿರಲಿಲ್ಲ. ಅವನು ಕಾದ, ದೀಪ ಹಸಿರಾಯಿತು. ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸಿ ಬೀಗರಿಗೆ ವಾಪಸು ಕೊಟ್ಟಾಗ ಅವನ ಎದೆ ಹಗುರಾಗಿತ್ತು. ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ, ಮೊದಲು ಕೊಟ್ಟದ್ದು ಅರೆಬರೆ ಮಾಲು ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಕಾರ್ಖಾನೆ ಮುಚ್ಚಿದ್ದು ಒಂದು ಬೆಳಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ. ಕೆಲಸಕ್ಕೆ ಬಂದವರು ಮುಚ್ಚಿದ ಗೇಟಿನ ಮುಂದೆ ಊಟದ ಡಬ್ಬಿ ಹಿಡಿದು ನಿಂತರು. ಮಾಲೀಕರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಆಚೆ ಇನ್ನೊಂದು ಕೇಡು ಆಗಿತ್ತು. ಈ ಡಬ್ಬಿಗಳು ಪ್ರತಿ ಸಲ ಆನ್ ಆದಾಗಲೂ ದೂರದಲ್ಲಿರುವ ಕಂಪನಿಯ ಸರ್ವರ್ ಎಂಬ ದೊಡ್ಡ ಕಂಪ್ಯೂಟರನ್ನು ಕೇಳಿಯೇ ಬಾಗಿಲು ತೆರೆಯಬೇಕು, ಕಂಪನಿ ಹಾಗೆ ಮಾಡಿಟ್ಟಿತ್ತು. ಸರ್ವರ್ ಕೂಡ ನಿಂತಿತು. ಆನ್ ಆಗಿದ್ದ ಡಬ್ಬಿಗಳು ಹಾಗೇ ಓಡುತ್ತಿದ್ದವು. ಬೀಗರ ಡಬ್ಬಿಯೂ ಓಡುತ್ತಿತ್ತು, ಒಂದು ಮಧ್ಯಾಹ್ನ ಕರೆಂಟು ಹೋಗುವ ತನಕ. ಕರೆಂಟು ಬಂದ ಮೇಲೆ ದೀಪ ಕೆಂಪಗೆ ಮಿಣುಕತೊಡಗಿತು, ಫೋಟೋಗಳು ಕಾಣಲಿಲ್ಲ. ಡಿಸ್ಕು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೆ ಬರೀ ಕಸ ಕಾಣುತ್ತಿತ್ತು. ಅದನ್ನು ಓದುವ ಕೀಲಿ ಇದ್ದದ್ದು ಅದೇ ಬೋರ್ಡಿನ ಚಿಪ್‌ನಲ್ಲಿ. ಕೀಲಿ ಬೇಕೆಂದರೆ ಆ ಬೋರ್ಡಿನ ಮೇಲೇ ಲಿನಕ್ಸ್ ಹಾಕಿ ಎಬ್ಬಿಸಬೇಕು. ಬೀಗ ಬಿದ್ದ ಬೋರ್ಡು ಲಿನಕ್ಸನ್ನು ಒಳಗೆ ಬಿಡುವುದಿಲ್ಲ.

ಆಗ ಶುರುವಾಯಿತು ಆಯ್ತುಬಿಡುವಿನ ಕಾಲ. ಕೆಲಸ ಹೋದ ಮೇಲೆ ಅವನು ಬಸ್ ನಿಲ್ದಾಣದ ಹಿಂದೆ ಗೂಡಂಗಡಿಯಂಥ ರಿಪೇರಿ ಅಂಗಡಿ ಇಟ್ಟಿದ್ದ. ಸತ್ತ ಡಬ್ಬಿಗಳನ್ನು ಹಿಡಿದು ಜನ ಅಲ್ಲಿ ಸಾಲುಗಟ್ಟಿದರು. ಹಳದಿ ಚುಕ್ಕೆ ಇದ್ದರೆ ಅವನು ನಾಲ್ಕು ತಂತಿ ಸಿಕ್ಕಿಸಿ, ಲಿನಕ್ಸ್ ಹಾಕಿ, ಫೋಟೋಗಳನ್ನು ಹೊರಗೆ ತೆಗೆದುಕೊಡುತ್ತಿದ್ದ. ಡಬ್ಬಿಯೂ ಹೊಸದರಂತೆ ಓಡುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಂಡು ಅವನಿಗೆ ಕೈ ಮುಗಿಯುತ್ತಿದ್ದರು. ನೀಲಿ ಚುಕ್ಕೆ ಇದ್ದರೆ ವಾಪಸು ಕೊಡುತ್ತಿದ್ದ. ಹಳೆ ಸಾಮಾನಿನ ಅಂಗಡಿಗಳಲ್ಲಿ ‘ನೀಲಿ’ ಎಂದರೆ ಬೈಗುಳವಾಗಿತ್ತು. ಅಚ್ಚುಕಟ್ಟಪ್ಪ ಒಂದು ಸಲ ಅಂಥ ಅಂಗಡಿಯ ಮುಂದೆ ಹೋಗುವಾಗ, ಅಂಗಡಿಯವನು ಯಾರಿಗೋ, ಆ ನೀಲಿಯವನ ಕೈ ಸೇದಿಹೋಗ ಎನ್ನುವುದು ಕಿವಿಗೆ ಬಿತ್ತು. ತಲೆ ತಗ್ಗಿಸಿ ನಡೆದುಬಿಟ್ಟ. ಬೇರೆ ಕೆಲಸ ಸಿಕ್ಕಿರಲಿಲ್ಲ. ಮನೆಯಲ್ಲಿ ಕೂತು ಆದ ಅನ್ಯಾಯವನ್ನು ಮತ್ತೆ ಮತ್ತೆ ಜಗಿಯುತ್ತಿದ್ದ. ತಾನು ಕದ್ದಿಲ್ಲ, ಸುಳ್ಳಾಡಿಲ್ಲ, ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ್ದೇನೆ. ಕಳ್ಳಾಟ ಆಡಿದವನಿಗೆ ಕೈ ಮುಗಿಯುತ್ತಾರೆ, ತನಗೆ ಶಾಪ ಹಾಕುತ್ತಾರೆ. ಇದು ಯಾವ ನ್ಯಾಯ ಎಂದು ಹೆಂಡತಿಯನ್ನು ಕೇಳಿದರೆ ಅವಳು ಸೊಪ್ಪು ಬಿಡಿಸುತ್ತ, ಮಗಳ ಮನೆ ಕಡೆ ಯೋಚನೆ ಮಾಡಿ ಎನ್ನುತ್ತಿದ್ದಳು.

ಮಗಳ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಬೀಗರು ಜಗಳದ ಮನುಷ್ಯರಲ್ಲ. ಸ್ಟುಡಿಯೋದಲ್ಲಿ ಕೂತಿರುತ್ತಿದ್ದರು, ಯಾರಾದರೂ ತೀರಿಹೋದ ಅಪ್ಪನದೋ ತಾಯಿಯದೋ ಹಳೆಯ ಪಟ ಕೇಳಿಕೊಂಡು ಬಂದರೆ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಮಾತೆಲ್ಲ ಬೀಗಿತ್ತಿಯದು. ಅದೂ ನೇರವಾಗಿ ಅಲ್ಲ. ಹೊಲಿಗೆ ಯಂತ್ರದ ಕೋಣೆಯನ್ನು ಗುಡಿಸುವಾಗ, ಇಲ್ಲಿ ಏನೇನಿತ್ತು ಮೊದಲು ಎಂದು ಗೋಡೆಗೆ ಹೇಳುವಂತೆ ಹೇಳುವುದು. ಸೊಸೆ ಯಂತ್ರ ತುಳಿಯುವುದನ್ನೇ ಬಿಟ್ಟಳು. ಗಂಡ ಯಾವ ಕಡೆಗೂ ಸೇರದೆ ಊಟ ಮಾಡಿ ಏಳುತ್ತಿದ್ದ. ಅಚ್ಚುಕಟ್ಟಪ್ಪ ಒಮ್ಮೆ ನೋಡಿಕೊಂಡು ಬರಲು ಹೋದಾಗ ಬೀಗಿತ್ತಿ ನೀರು ತಂದಿಟ್ಟು ಗಂಡನಿಗೆ ಹೇಳಿದಳು:

“ಯಾರಪ್ಪ ಬಂದ್ರೂ ಆಗಲ್ಲ ಅಂದಿದ್ರಲ್ಲ. ಈಗ ಇವಳಪ್ಪನೇ ಬಂದಿದ್ದಾರೆ, ಕೇಳಿ.”

ಬೀಗರು ಕೇಳಲಿಲ್ಲ. ಅದು ಅಚ್ಚುಕಟ್ಟಪ್ಪನಿಗೆ ಇನ್ನೂ ಹೆಚ್ಚು ಚುಚ್ಚಿತು.

ಆಯ್ತುಬಿಡುವಿನ ಅಂಗಡಿಯ ಸುದ್ದಿ ಮಗಳ ಕಿವಿಗೆ ಬಿದ್ದದ್ದು ಮೊದಲು ಬಟ್ಟೆ ಹೊಲಿಸಲು ಬರುತ್ತಿದ್ದ ಹೆಂಗಸಿನಿಂದ. ಅಲ್ಲಿಗೆ ಹೋಗೋಣ ಎಂದು ಅಪ್ಪನ ಬೆನ್ನು ಹತ್ತಿದಳು. ಅವನು ಏನೇನೋ ಹೇಳಿ ತಪ್ಪಿಸಿಕೊಂಡ. ಅದು ನೀಲಿ ಚುಕ್ಕೆ, ಸುಮ್ಮನೆ ಹೋಗಿ ಮುಖಭಂಗ ಯಾಕೆ ಎಂದ. ತಾನೇ ಕೆಲಸದಿಂದ ತೆಗೆಸಿದವನ ಮುಂದೆ ಕೈ ಚಾಚಲೇ ಎಂದ. ಅದೂ ಸುಳ್ಳಲ್ಲ, ಆದರೆ ನಿಜವಾದ ಹೆದರಿಕೆ ಬೇರೆಯೇ ಇತ್ತು: ಆ ಡಬ್ಬಿ ಯಾವ ವಾರದ್ದೆಂದು ಆಯ್ತುಬಿಡುವಿಗೆ ಗೊತ್ತಾದರೆ ಆಮೇಲೆ ಅದಕ್ಕೆ ಬೀಗ ಹಾಕಿದವರು ಯಾರೆಂಬುದೂ ಗೊತ್ತಾಗುತ್ತದೆ. ಕೊನೆಗೆ ಮಗಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಹೊರಟು ನಿಂತಾಗ ಅವನೂ ಚಪ್ಪಲಿ ಮೆಟ್ಟಿದ. ಎಷ್ಟು ಮರೆಗುಳಿ ಅವನು, ರಜೆಯ ವಾರ ಎಲ್ಲಿ ನೆನಪಿರುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಂಗಡಿ ಇಬ್ಬರು ನಿಂತರೆ ತುಂಬಿಹೋಗುವಷ್ಟು. ಬೆಸುಗೆಯ ಹೊಗೆ, ಬಿಚ್ಚಿಟ್ಟ ಮುಚ್ಚಳಗಳು, ಚಹಾದ ಲೋಟದೊಳಗೆ ತಿರುಪು ಮೊಳೆಗಳು. ಆಯ್ತುಬಿಡು ಎದ್ದು ನಿಂತು, ಬನ್ನಿ ಅಣ್ಣ ಎಂದು ಸ್ಟೂಲು ಎಳೆದುಕೊಟ್ಟ. ಮುಖದಲ್ಲಿ ಎಳ್ಳಷ್ಟೂ ಸೇಡಿರಲಿಲ್ಲ. ನೀವು ಅವತ್ತು ನನ್ನನ್ನು ಓಡಿಸದೇ ಇದ್ದಿದ್ದರೆ ನಾನೂ ನಿಮ್ಮ ಜೊತೆ ಗೇಟಿನ ಮುಂದೆ ನಿಂತಿರುತ್ತಿದ್ದೆ ಎಂದು ನಕ್ಕ. ಅಚ್ಚುಕಟ್ಟಪ್ಪ ಯಾವಾಗಲೂ ನೀನು ಎಂದು ಕರೆಯುತ್ತಿದ್ದವನನ್ನು ಇವತ್ತು ನೀವು ಎಂದು ಕರೆದ.

ಆಯ್ತುಬಿಡು ಡಬ್ಬಿ ಬಿಚ್ಚಿದ. ನೀಲಿ ಚುಕ್ಕೆ ಕಂಡು ಅವನ ಮುಖ ಬಾಡಿತು. ಆಮೇಲೆ ಬೋರ್ಡಿನ ಅಂಚಿನಲ್ಲಿ ಅಚ್ಚಾಗಿದ್ದ ತಾರೀಖನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೊಮ್ಮೆ ನೋಡಿದ.

“ಅಣ್ಣ, ಇದು ನಿಮ್ಮದಲ್ಲ, ನಂದು,” ಎಂದ. “ಮಗಳ ಮದುವೆಗೆ ರಜೆ ಹಾಕಿದ್ರಲ್ಲ, ಆ ವಾರದ್ದು. ನಿಮ್ಮ ಜಾಗದಲ್ಲಿ ಕೂತಿದ್ದೆ. ಹಳದಿ ಸುರುಳಿ ಹುಡುಕೋಕೆ ಬೇಜಾರಾಗಿ ನಿಮ್ಮ ನೀಲಿನೇ ಅಂಟಿಸ್ಬಿಟ್ಟೆ. ಮದುವೆ ಊಟ ತಪ್ಪಿದ ವಾರ, ಮರೀತೀನಾ?”

ಮಗಳು ಅಪ್ಪನ ಮುಂಗೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿದುಕೊಳ್ಳುತ್ತಿದ್ದಷ್ಟೇ ಬಿಗಿಯಾಗಿ. ಮಾವನಿಗೆ ಈಗಲೇ ಫೋನ್ ಮಾಡಲೇ ಎಂದು ಕೇಳಿದಳು. ಸ್ವಲ್ಪ ತಡಿ ಎಂದ ಅಪ್ಪ. ಈಗಲೇ ಹೇಳಿಬಿಡಬೇಕು, ತಂತಿ ಸಿಕ್ಕಿಸುವ ಮೊದಲೇ ಹೇಳಿಬಿಡಬೇಕು ಎಂದುಕೊಂಡ. ಹೇಳುವ ಬದಲು, ಫ್ಯೂಸು ಸರಿಯಾಗಿ ಸುಟ್ಟಿರಲಿಕ್ಕಿಲ್ಲ, ಆ ದಿನ ಯಂತ್ರ ಕೆಟ್ಟಿದ್ದಿರಬಹುದು, ದೀಪ ಸುಳ್ಳು ಹೇಳಿರಬಹುದು ಎಂದುಕೊಳ್ಳುತ್ತ, ಜೀವನದಲ್ಲಿ ಮೊದಲ ಸಲ ತನ್ನ ಕೆಲಸ ಹಾಳಾಗಿರಲಿ ಎಂದು ಬೇಡಿಕೊಂಡ.

ಆಯ್ತುಬಿಡು ತಂತಿ ಸಿಕ್ಕಿಸಿ ಕರೆಂಟು ಕೊಟ್ಟ. ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲುಗಳು ಓಡಿದವು. ಲಿನಕ್ಸನ್ನು ಕೊಟ್ಟ. ಸಾಲುಗಳು ನಿಂತವು. ಸಹಿ ಸರಿಯಿಲ್ಲ, ಮುಂದೆ ಹೋಗಲಾಗದು ಎನ್ನುವ ಅರ್ಥದ ಒಂದು ಸಾಲು ಉಳಿಯಿತು. ತಂತಿ ಬದಲಾಯಿಸಿ ನೋಡಿದ, ಅದೇ ಸಾಲು. ಲಿನಕ್ಸನ್ನೇ ಬದಲಾಯಿಸಿ ನೋಡಿದ. ಮತ್ತೆ ಅದೇ.

“ಆ ವಾರದ ಒಂದಕ್ಕೂ ನಾನು ಬೀಗ ಹಾಕಿಲ್ಲ,” ಎಂದ ಆಯ್ತುಬಿಡು, ತನಗೆ ತಾನೇ ಹೇಳಿಕೊಳ್ಳುವಂತೆ. “ಇದಕ್ಕೆ ಹೆಂಗೆ ಬಿತ್ತು?”

ಯಂತ್ರ ಅಲ್ಲವೇ, ಏನೋ ಆಗಿರಬೇಕು ಎಂದಿದ್ದರೆ ನಡೆಯುತ್ತಿತ್ತು. ಆಯ್ತುಬಿಡು ನಂಬುತ್ತಿದ್ದ, ಮಗಳೂ ನಂಬುತ್ತಿದ್ದಳು. ಆದರೆ ಸುಳ್ಳು ಹೇಳಲಿಕ್ಕೂ ಒಂದು ಅಭ್ಯಾಸ ಬೇಕು.

“ನಾನು ಹಾಕಿದೆ,” ಎಂದ ಅಚ್ಚುಕಟ್ಟಪ್ಪ. “ಸರ್ವಿಸ್‌ಗೆ ಅಂತ ಒಂದ್ಸಲ ತಗೊಂಡು ಹೋಗಿದ್ದೆನಲ್ಲ, ಅವತ್ತು.”

ಮಗಳು ಅಪ್ಪನ ಮುಂಗೈ ಬಿಟ್ಟಳು.

“ಯಾರಾದ್ರೂ ಹಾಕು ಅಂದ್ರಾ ನಿಂಗೆ?”

“ಇಲ್ಲ. ಬೀಗರ ಮನೆಗೆ ಕೊಟ್ಟದ್ದು. ಅರೆಬರೆ ಇರಬಾರದು ಅಂತ.”

ಹೇಳುವಾಗ ದನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಉಳಿದಿತ್ತು. ಅದು ಅವನಿಗೂ ಕೇಳಿಸಿತು, ಮಗಳಿಗೂ ಕೇಳಿಸಿತು. ಆಯ್ತುಬಿಡು ತಂತಿಗಳನ್ನು ಒಂದೊಂದಾಗಿ ಕಿತ್ತು, ಮುಚ್ಚಳ ಹಾಕಿ, ತಿರುಪುಗಳನ್ನು ಬಿಗಿದುಕೊಟ್ಟ. ಒಂದು ತಿರುಪು ಕಡಿಮೆಯಾಗಿತ್ತು. ಅವನು ಹುಡುಕಲಿಲ್ಲ.

ಮಗಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಭಾರವಿದೆ, ನಾನು ಹಿಡಿದುಕೊಳ್ಳುತ್ತೇನೆ ಎಂದು ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಅಂಗಡಿಯ ಮೆಟ್ಟಿಲಿಳಿದು, ನೀನು ಬರೋದು ಬೇಡ, ನಾನೊಬ್ಬಳೇ ಹೋಗ್ತೀನಿ ಎಂದಳು. ಮನೆಯಲ್ಲಿ ಏನಂತ ಹೇಳುತ್ತೀಯ ಎಂದು ಅವನು ಕೇಳಿದ.

“ಕೆಟ್ಟುಹೋಗಿದೆ ಅಂತೀನಿ,” ಎಂದಳು ಮಗಳು. “ನಮ್ಮಪ್ಪ ಸರಿಮಾಡಿದ್ದಾರೆ ಅಂತ ಅವರ ಮುಂದೆ ಹೆಂಗೆ ಹೇಳಲಿ?”